ಮುಖ ಆಮೇಲೆ, ಮೊದಲು ಕಾಲು: ಮನೆಯಲ್ಲೇ ಸ್ಟಾಪ್ ಮೋಷನ್ ಗೊಂಬೆ ಮಾಡುವ ಬಗೆ

ಕೊಡಗಿನಲ್ಲಿ ಜೂನ್ ಬಂತೆಂದರೆ ಸಂಜೆಗಳು ಮುಗಿಯುವುದೇ ಇಲ್ಲ. ಹೊರಗೆ ಜಡಿಮಳೆ. ಕರೆಂಟ್ ಬಂದರೆ ಬಂತು, ಹೋದರೆ ಹೋಯಿತು. ಗೊಂಬೆ ಮಾಡಿ ಅದನ್ನು ಫೋಟೋ ಫೋಟೋ ಆಗಿ ಓಡಾಡಿಸುವ ಹವ್ಯಾಸಕ್ಕೆ ಇದಕ್ಕಿಂತ ಒಳ್ಳೆಯ ಕಾಲ ಇಲ್ಲ. ಈ ಕೆಲಸ ಬೇಡುವುದೇ ಮುಚ್ಚಿದ ಕೋಣೆ, ಅಲುಗದ ಮೇಜು ಮತ್ತು ಯಾರೂ ಬಂದು ಕರೆಯದ ಎರಡು ಗಂಟೆ.

ಸ್ಟಾಪ್ ಮೋಷನ್ ಎಂದರೆ ಏನೆಂದು ಗೊತ್ತಿಲ್ಲದವರಿಗೆ ಎರಡೇ ಮಾತು. ಗೊಂಬೆಯನ್ನು ಸ್ವಲ್ಪ ಅಲುಗಿಸುವುದು, ಒಂದು ಫೋಟೋ ತೆಗೆಯುವುದು, ಮತ್ತೆ ಸ್ವಲ್ಪ ಅಲುಗಿಸುವುದು, ಮತ್ತೊಂದು ಫೋಟೋ. ಒಂದರ ಹಿಂದೆ ಒಂದು ಓಡಿಸಿದರೆ ಗೊಂಬೆ ತಾನಾಗಿ ನಡೆದಂತೆ ಕಾಣುತ್ತದೆ. ಸಿನಿಮಾದಲ್ಲಿ ಸೆಕೆಂಡಿಗೆ 24 ಚಿತ್ರ ಓಡುತ್ತವೆ. ನಾವು ಒಂದೊಂದು ಫೋಟೋವನ್ನು ಎರಡೆರಡು ಸಲ ತೋರಿಸುತ್ತೇವೆ, ಹಾಗಾಗಿ 12 ಫೋಟೋ ಸಾಕು. ಹತ್ತು ಸೆಕೆಂಡಿನ ತುಣುಕಿಗೆ 120 ಫೋಟೋ. ಇದಕ್ಕೆ ಹೆದರಬೇಡಿ, ಕೈ ಪಳಗಿದ ಮೇಲೆ ಒಂದು ಸಂಜೆಯಲ್ಲಿ ಮುಗಿಯುವ ಕೆಲಸ.

ಹೊಸಬರು ಸಾಮಾನ್ಯವಾಗಿ ಮುಖದಿಂದ ಶುರು ಮಾಡುತ್ತಾರೆ. ಚಂದದ ಕಣ್ಣು, ಮೂಗು, ಮೀಸೆ ಎಲ್ಲ ಆಗುತ್ತದೆ. ಆಮೇಲೆ ನಿಲ್ಲಿಸಲು ನೋಡಿದರೆ ಗೊಂಬೆ ನಿಲ್ಲುವುದಿಲ್ಲ. ಹೇಗೋ ನಿಂತರೂ ನಲವತ್ತನೇ ಫೋಟೋ ಹೊತ್ತಿಗೆ ಒಂದು ಕಡೆ ವಾಲುತ್ತದೆ, ಅಲ್ಲಿಗೆ ಅಷ್ಟೂ ಫೋಟೋ ವ್ಯರ್ಥ. ನೋಡುವವರು ಒರಟು ಮುಖವನ್ನು ಎರಡು ಸೆಕೆಂಡಿನಲ್ಲಿ ಒಪ್ಪಿಕೊಳ್ಳುತ್ತಾರೆ. ಜಾರುವ ಕಾಲನ್ನು ಮಾತ್ರ ಯಾರೂ ಒಪ್ಪುವುದಿಲ್ಲ. ಆದ್ದರಿಂದ ಇಲ್ಲಿ ಎಲ್ಲವೂ ಕಾಲಿನ ಲೆಕ್ಕದಲ್ಲೇ ನಡೆಯುತ್ತದೆ.

ಯಾರನ್ನು ಮಾಡುವುದು?

ಮೊದಲ ಗೊಂಬೆಗೆ ಸುಂದರಿ ಬೇಡ, ಬರಿಗಾಲಿನ ಹುಡುಗನೂ ಬೇಡ. ನನ್ನ ಸಲಹೆ ಕೇಳಿದರೆ ಮಳೆಗಾಲದ ತೋಟದ ಅಜ್ಜ. ಗಂಬೂಟು, ದೊಗಲೆ ಸ್ವೆಟರ್, ಮಂಕಿ ಕ್ಯಾಪ್, ಶರ್ಟಿನ ಕಾಲರ್‌ಗೆ ಹಿಂದಿನಿಂದ ನೇತುಹಾಕಿದ ಕೊಡೆ. ಇವರನ್ನು ನಾವು ದಿನಾ ನೋಡುತ್ತೇವೆ, ನಡಿಗೆ ಬಾಯಿಪಾಠ. ಅದಕ್ಕಿಂತ ಮುಖ್ಯವಾಗಿ, ಅಜ್ಜನ ಒಂದೊಂದು ಉಡುಪೂ ಗೊಂಬೆಯ ಒಂದೊಂದು ದೌರ್ಬಲ್ಯವನ್ನು ಮುಚ್ಚುತ್ತದೆ. ಗಂಬೂಟು ಅಗಲ, ಗೊಂಬೆಯನ್ನು ನೆಲಕ್ಕೆ ಬಿಗಿಯಲು ಬೇಕಾದ ನಟ್ ಅದರೊಳಗೆ ಹುದುಗಿಸಬಹುದು. ಮಂಕಿ ಕ್ಯಾಪ್ ಕುತ್ತಿಗೆಯ ಜೋಡಣೆಯನ್ನೂ ಕೂದಲಿನ ತಾಪತ್ರಯವನ್ನೂ ಒಟ್ಟಿಗೆ ಮುಚ್ಚುತ್ತದೆ. ಸ್ವೆಟರಿನ ತೋಳು ಮೊಣಕೈ ತಂತಿಯನ್ನು ಮುಚ್ಚುತ್ತದೆ. ಅಜ್ಜ ನಿಧಾನ ನಡೆಯುವುದರಿಂದ ನಡಿಗೆ ಸ್ವಲ್ಪ ತಡವರಿಸಿದರೂ ಅದು ವಯಸ್ಸಿನ ಲೆಕ್ಕಕ್ಕೆ ಹೋಗುತ್ತದೆ!

ಕುಪ್ಯ, ಚೇಲೆ, ಪೀಚೆಕತ್ತಿ ಎಲ್ಲ ಹಾಕಿದ ಕೊಡವ ಅಜ್ಜನನ್ನೇ ಮಾಡಬೇಕೆಂಬ ಆಸೆ ಹಲವರಿಗೆ ಇರುತ್ತದೆ. ಅದು ಎರಡನೇ ಗೊಂಬೆಗೆ ಇರಲಿ. ಕುಪ್ಯದ ಅಂಚು ಮೊಣಕಾಲಿನ ಹತ್ತಿರ ಬರುತ್ತದೆ. ಪ್ರತಿ ಹೆಜ್ಜೆಗೂ ಬಟ್ಟೆಯನ್ನೂ ಅಲುಗಿಸಬೇಕಾಗುತ್ತದೆ, ಅಂಚಿನೊಳಗೆ ಸಣ್ಣ ತಂತಿ ಹೊಲಿಯಬೇಕಾಗುತ್ತದೆ.

ಎತ್ತರ 20 ಸೆಂ.ಮೀ. ಇರಲಿ. ಇದಕ್ಕಿಂತ ಸಣ್ಣದಾದರೆ ಬೆರಳು ಹೋಗುವುದಿಲ್ಲ, ದೊಡ್ಡದಾದರೆ ಭಾರಕ್ಕೆ ತಂತಿ ಸೋಲುತ್ತದೆ. ಒಂದು ಹಾಳೆಯಲ್ಲಿ ಅಷ್ಟೇ ಅಳತೆಗೆ ಮುಂದಿನಿಂದ ಒಂದು, ಪಕ್ಕದಿಂದ ಒಂದು ಚಿತ್ರ ಬರೆಯಿರಿ. ತಲೆ 4 ಸೆಂ.ಮೀ. ಮಾಡಿ. ನಿಜವಾದ ಮನುಷ್ಯನ ಅಳತೆಗಿಂತ ದೊಡ್ಡದಾಯಿತು, ಆದರೆ ಮೊಬೈಲ್ ಪರದೆಯಲ್ಲಿ ಮುಖ ಕಾಣಬೇಕಲ್ಲ. ಅಂಗೈ ಮತ್ತು ಬೂಟನ್ನೂ ಸ್ವಲ್ಪ ದೊಡ್ಡದು ಮಾಡಿ. ಭುಜ, ಮೊಣಕೈ, ಸೊಂಟ, ಮೊಣಕಾಲು, ಕಾಲಿನ ಗಂಟು ಎಲ್ಲೆಲ್ಲಿ ಬರುತ್ತವೋ ಅಲ್ಲಿ ಚುಕ್ಕೆ ಇಡಿ. ಇನ್ನು ಮುಂದೆ ಎಲ್ಲವನ್ನೂ ಈ ಹಾಳೆಯ ಮೇಲಿಟ್ಟೇ ಅಳೆಯಬೇಕು.

ತಂತಿಯ ಎಲುಬು

ತಂತಿ ಅಲ್ಯೂಮಿನಿಯಂದೇ ಆಗಬೇಕು. ಕಬ್ಬಿಣದ ತಂತಿ ಬಗ್ಗಿಸಿ ಕೈ ಬಿಟ್ಟರೆ ಒಂದಿಷ್ಟು ಹಿಂದಕ್ಕೆ ಬರುತ್ತದೆ. ಇಟ್ಟಲ್ಲಿ ನಿಲ್ಲದ ತಂತಿಯಿಂದ ಈ ಕೆಲಸ ಆಗುವುದಿಲ್ಲ. 1.5ರಿಂದ 2 ಮಿ.ಮೀ. ದಪ್ಪದ್ದು ಬೇಕು. ಆರ್ಟ್ ಅಂಗಡಿಯಲ್ಲಿ ಕ್ರಾಫ್ಟ್ ತಂತಿ ಎಂದು ಸಿಗುತ್ತದೆ, ಆದರೆ ಅದಕ್ಕಾಗಿ ಮೈಸೂರಿಗೆ ಹೋಗಬೇಕಾಗಿಲ್ಲ. ಕಂಬದಿಂದ ಮನೆಗೆ ಎಳೆಯುವ ಸರ್ವೀಸ್ ವಯರ್ ಇದೆಯಲ್ಲ, ಅದರೊಳಗೆ ಒಂಟಿ ಎಳೆಯ ಅಲ್ಯೂಮಿನಿಯಂ ಇರುತ್ತದೆ. ವೈರಿಂಗ್ ಮಾಡುವವರ ಹತ್ತಿರ ಉಳಿದ ತುಂಡು ಕೇಳಿದರೆ ಸುಮ್ನೆ ಕೊಡುತ್ತಾರೆ. "ಎಂತಕ್ಕೆ ಇದು?" ಅಂತ ಕೇಳಿದರೆ ಅಜ್ಜನ ಬೆನ್ನೆಲುಬಿಗೆ ಅನ್ನಿ.

ಈ ಸರ್ವೀಸ್ ವಯರ್ ಸ್ವಲ್ಪ ಬಿರುಸು. ಅದನ್ನು ಮೆದು ಮಾಡಬಹುದು. ಮೇಲಿನ ಪ್ಲಾಸ್ಟಿಕ್ ಪೂರ್ತಿ ಸುಲಿದು, ತಂತಿಗೆ ಬಟ್ಟೆ ಸಾಬೂನು ತಿಕ್ಕಿ, ಇಕ್ಕಳದಲ್ಲಿ ಹಿಡಿದು ಗ್ಯಾಸ್ ಉರಿಯ ಮೇಲೆ ಆಚೀಚೆ ಆಡಿಸಿ. ಸಾಬೂನಿನ ಗುರುತು ಕಪ್ಪಾದ ಕೂಡಲೇ ತೆಗೆಯಿರಿ. ಒಂದೇ ಕಡೆ ಹಿಡಿದರೆ ಸಣ್ಣ ತಂತಿ ಕರಗಿ ತುಂಡಾಗುತ್ತದೆ. ತಣ್ಣಗಾದ ಮೇಲೆ ಬಗ್ಗಿಸಿ ನೋಡಿ, ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ.

ಒಂಟಿ ತಂತಿ ಬೇಗ ಮುರಿಯುತ್ತದೆ, ಆದ್ದರಿಂದ ಎರಡು ಎಳೆ ಸೇರಿಸಿ ಹೊಸೆಯಿರಿ. ಕೈಯಲ್ಲೇ ಹೊಸೆದರೆ ಸಾಕು. ಡ್ರಿಲ್ ಮಷಿನ್‌ಗೆ ಸಿಕ್ಕಿಸಿ ಜಾಸ್ತಿ ಬಿಗಿ ಮಾಡಿದರೆ ಹೊಸೆಯುವಾಗಲೇ ತಂತಿ ಗಡುಸಾಗಿ ಅರ್ಧ ಆಯುಷ್ಯ ಮುಗಿದಿರುತ್ತದೆ. ಅಲ್ಯೂಮಿನಿಯಂ ಬಗ್ಗಿದಷ್ಟೂ ಗಡುಸಾಗುತ್ತದೆ, ಗಡುಸಾದದ್ದು ಒಂದು ದಿನ ಮುರಿಯುತ್ತದೆ. ಎಂದೂ ಮುರಿಯದ ತಂತಿ ಗೊಂಬೆ ಇಲ್ಲ. ಹಾಗಾಗಿ ಮುರಿದಾಗ ಬದಲಿಸಲು ಬರುವಂತೆ ಈಗಲೇ ಕಟ್ಟಬೇಕು.

ಅದಕ್ಕೊಂದು ಅಗ್ಗದ ಉಪಾಯ ಇದೆ. ಎಲೆಕ್ಟ್ರಿಕ್ ಅಂಗಡಿಯಲ್ಲಿ ಕನೆಕ್ಟರ್ ಪಟ್ಟಿ ಕೇಳಿ. ಪ್ಲಾಸ್ಟಿಕ್ ಕತ್ತರಿಸಿ ತೆಗೆದರೆ ಒಳಗೆ ಹಿತ್ತಾಳೆಯ ಸಣ್ಣ ಕೊಳವೆ, ಅದಕ್ಕೆ ಎರಡು ಸ್ಕ್ರೂ. ಹೊಸೆದ ತಂತಿ ಹಿಡಿಸುವಷ್ಟು ದೊಡ್ಡದನ್ನೇ ತನ್ನಿ. ಭುಜಕ್ಕೆ ಎರಡು, ಸೊಂಟಕ್ಕೆ ಎರಡು, ಕುತ್ತಿಗೆಗೆ ಒಂದು. ಇವನ್ನು ಎದೆ ಮತ್ತು ಸೊಂಟದ ಗಟ್ಟಿಗೆ ಹುದುಗಿಸಿಬಿಟ್ಟರೆ ಕೈಕಾಲು ತಂತಿಯನ್ನು ತೂರಿಸಿ ಸ್ಕ್ರೂ ಬಿಗಿ ಮಾಡಿದರಾಯಿತು. ಮುರಿದರೆ ಸಡಿಲಿಸಿ ಎಳೆದು ಹೊಸದು ಹಾಕಿದರಾಯಿತು. ಕಬ್ಬಿಣದ ಸ್ಕ್ರೂಗೆ ನಮ್ಮ ಥಂಡಿಯಲ್ಲಿ ಎರಡೇ ತಿಂಗಳಲ್ಲಿ ತುಕ್ಕು. ಹಿತ್ತಾಳೆಗೆ ಆ ಕಾಟ ಇಲ್ಲ.

ಎದೆ ಮತ್ತು ಸೊಂಟದ ಗಟ್ಟಿ ಎಂಸೀಲ್‌ನಿಂದ ಮಾಡಿ. ಎರಡು ಪೊಟ್ಟಣ ಸಮ ಪ್ರಮಾಣದಲ್ಲಿ ತೆಗೆದುಕೊಂಡು ಬಣ್ಣ ಒಂದೇ ಆಗುವವರೆಗೆ ನಾದಬೇಕು, ಗೆರೆ ಉಳಿದರೆ ಅಲ್ಲಿ ಗಟ್ಟಿಯಾಗುವುದಿಲ್ಲ. ಕೈಗೆ ಪ್ಲಾಸ್ಟಿಕ್ ಕವರ್ ಹಾಕಿಕೊಳ್ಳಿ, ಕೆಲವರಿಗೆ ಚರ್ಮ ಉರಿಯುತ್ತದೆ. ಸ್ಕ್ರೂವಿನ ತಲೆ ಹೊರಗೆ ಕಾಣುವಂತೆ ಬಿಟ್ಟು ಕೊಳವೆಯನ್ನು ಒತ್ತಿ. ಎದೆಗೂ ಸೊಂಟಕ್ಕೂ ನಡುವೆ ಬೆನ್ನೆಲುಬಿನ ತಂತಿ ಮೂರು ಎಳೆಯದ್ದಿರಲಿ, ಮೇಲಿನ ಭಾರವೆಲ್ಲ ಅದರ ಮೇಲೇ. ಮಳೆಗಾಲದ ಚಳಿಗೆ ಎಂಸೀಲ್ ಗಟ್ಟಿಯಾಗುವುದು ನಿಧಾನ. ಒಂದು ರಾತ್ರಿ ಪೂರ್ತಿ ಬಿಡಿ, ಬೆಳಿಗ್ಗೆ ಉಗುರಿನಿಂದ ಒತ್ತಿ ನೋಡಿ.

ಇನ್ನೊಂದು ವಿಷಯವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ತೊಡೆ, ಮೊಣಕಾಲಿನ ಕೆಳಗಿನ ಭಾಗ, ತೋಳು, ಮುಂಗೈ, ಈ ಎಲುಬಿನ ಜಾಗಕ್ಕೂ ತೆಳ್ಳಗೆ ಎಂಸೀಲ್ ಮೆತ್ತಬೇಕು. ಗಂಟಿನ ಜಾಗದಲ್ಲಿ ಮಾತ್ರ ಒಂದು ಸೆಂ.ಮೀ.ಗಿಂತ ಸ್ವಲ್ಪ ಹೆಚ್ಚು ತಂತಿ ಬರಿದಾಗಿರಲಿ. ಆಗ ಕಾಲು ಮೊಣಕಾಲಿನಲ್ಲೇ ಮಡಚುತ್ತದೆ. ಇಲ್ಲದಿದ್ದರೆ ಎಲ್ಲೆಂದರಲ್ಲಿ ಬಾಗಿ ಅಜ್ಜನಿಗೆ ಎಲುಬೇ ಇಲ್ಲದಂತಾಗುತ್ತದೆ. ಬರಿ ತಂತಿಯ ಜಾಗ ತೀರಾ ಗಿಡ್ಡವಾದರೂ ಕಷ್ಟ, ಒಂದೇ ಬಿಂದುವಿನಲ್ಲಿ ಬಗ್ಗಿ ಬೇಗ ಮುರಿಯುತ್ತದೆ.

ಗಂಬೂಟು

ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕಳೆಯಿರಿ. 4 ಮಿ.ಮೀ. ಬೋಲ್ಟಿನ ನಟ್ ಎರಡು ಬೇಕು. ಕಾಲಿನ ತಂತಿಯ ತುದಿಯನ್ನು ನಟ್‌ನ ಸುತ್ತ ಒಂದು ಸುತ್ತು ಬಿಗಿಯಾಗಿ ಬಳಸಿ, ಆಮೇಲೆ ಎರಡನ್ನೂ ಸೇರಿಸಿ ಎಂಸೀಲ್‌ನಲ್ಲಿ ಬೂಟಿನ ಆಕಾರ ಕೊಡಿ. ನಟ್‌ನ ತೂತು ಅಟ್ಟೆಯ ಕಡೆ ತೆರೆದಿರಬೇಕು. ಎಂಸೀಲ್ ಒಳಗೆ ನುಗ್ಗದಂತೆ ಬೋಲ್ಟಿಗೆ ಸ್ವಲ್ಪ ತೆಂಗಿನೆಣ್ಣೆ ಹಚ್ಚಿ ತಿರುಗಿಸಿಟ್ಟಿರಿ, ಗಟ್ಟಿಯಾದ ಮೇಲೆ ಬಿಚ್ಚಿ. ನಟ್‌ಗೆ ಎಣ್ಣೆ ತಾಗಿಸಬೇಡಿ, ಎಂಸೀಲ್ ಹಿಡಿಯುವುದಿಲ್ಲ. ಅಟ್ಟೆ ಪೂರ್ತಿ ಸಮತಟ್ಟಾಗಿರಲಿ. ಮರಳು ಕಾಗದವನ್ನು ಗಾಜಿನ ಮೇಲೆ ಹರಡಿ ಬೂಟನ್ನು ಅದರ ಮೇಲೆ ಉಜ್ಜಿದರೆ ಸಮ ಬರುತ್ತದೆ. ಮೇಲೆ ಕಪ್ಪು ಬಣ್ಣ, ಕಂಠದ ಹತ್ತಿರ ಒಂದು ಪಟ್ಟಿ, ಹಿಮ್ಮಡಿಗೆ ಒಂದಿಷ್ಟು ಕೆಂಪು ಮಣ್ಣಿನ ಬಣ್ಣ. ಗಂಬೂಟು ಆಯಿತು.

ಗೊಂಬೆ ನಿಲ್ಲುವ ನೆಲ 12 ಮಿ.ಮೀ. ಪ್ಲೈವುಡ್. ಸಾದಾ ಪ್ಲೈ ಮಳೆಗಾಲದಲ್ಲಿ ಉಬ್ಬಿ ಬಾಗುತ್ತದೆ, ನೀರು ತಡೆಯುವ ನಮೂನೆಯ ತುಂಡು ಬಡಗಿಗಳ ಹತ್ತಿರ ಕೇಳಿ. ಅದನ್ನು ಎರಡು ಸಿಮೆಂಟ್ ಬ್ಲಾಕ್ ಮೇಲೆ ಇಡಿ, ಕೆಳಗಿನಿಂದ ಕೈ ಹಾಕಲು ಜಾಗ ಬೇಕು. ಅಜ್ಜ ಹೆಜ್ಜೆ ಇಡುವ ಪ್ರತಿ ಜಾಗದಲ್ಲೂ 4.5 ಮಿ.ಮೀ. ತೂತು ಕೊರೆಯಿರಿ. ಕೆಳಗಿನಿಂದ ಬೋಲ್ಟ್ ತೂರಿಸಿ ಬೂಟಿನ ನಟ್‌ಗೆ ಬಿಗಿ ಮಾಡಿದರೆ ಒಂಟಿ ಕಾಲಿನಲ್ಲೂ ಗೊಂಬೆ ಗಟ್ಟಿಯಾಗಿ ನಿಲ್ಲುತ್ತದೆ. ಬಿಗಿ ಮಾಡುವಾಗ ಇನ್ನೊಂದು ಕೈಯಲ್ಲಿ ಬೂಟನ್ನು ಒತ್ತಿ ಹಿಡಿದಿರಿ, ಇಲ್ಲದಿದ್ದರೆ ಬೂಟು ಬೋಲ್ಟಿನ ಜೊತೆ ತಿರುಗುತ್ತದೆ. ಖಾಲಿ ತೂತುಗಳನ್ನು ನೆಲದ ಬಣ್ಣದ ಪ್ಲಾಸ್ಟಿಸಿನ್‌ನಿಂದ (ಮಕ್ಕಳು ಆಡುವ, ಒಣಗದ ಮೆದು ಜೇಡಿ) ಮುಚ್ಚಿ.

ಅಯಸ್ಕಾಂತದಿಂದಲೂ ನಿಲ್ಲಿಸಬಹುದು. ಮೇಲೆ ತೆಳ್ಳನೆ ತಗಡು, ಬೂಟಿನೊಳಗೆ ಕಬ್ಬಿಣದ ವಾಷರ್, ಕೆಳಗೆ ಬಲವಾದ ಅಯಸ್ಕಾಂತ. ಕೆಲಸ ಬೇಗ ಆಗುತ್ತದೆ, ಆದರೆ ಒಂಟಿ ಕಾಲಿನಲ್ಲಿ ನಿಂತಾಗ ಕೂದಲೆಳೆಯಷ್ಟು ಜಾರುತ್ತದೆ. ನನಗೆ ಬೋಲ್ಟೇ ಇಷ್ಟ.

ಬಟ್ಟೆ ಹಾಕುವ ಮೊದಲೇ ಅಸ್ಥಿಪಂಜರವನ್ನು ಒಂಟಿ ಕಾಲಿನಲ್ಲಿ ನಿಲ್ಲಿಸಿ, ಕೈ ಮುಂದಕ್ಕೆ ಚಾಚಿಸಿ, ಒಂದು ಗಂಟೆ ಬಿಡಿ. ವಾಲಿದರೆ ಈಗಲೇ ಸರಿಮಾಡಿ. ಹೊಲಿದ ಮೇಲೆ ಬಿಚ್ಚುವುದು ಬೇಸರದ ಕೆಲಸ.

ಮೈ, ತಲೆ, ಉಡುಪು

ಮೈಗೆ ಹಳೆ ಕುಶನ್ನಿನ ಸ್ಪಂಜು. ಕತ್ತರಿಯಲ್ಲಿ ಆಕಾರ ಕತ್ತರಿಸಿ, ರಬ್ಬರ್ ಅಂಟಿನಿಂದ ಎಲುಬಿಗೆ ಅಂಟಿಸಿ. ಗಂಟಿನ ಜಾಗದಲ್ಲಿ ಅಂಟು ಹಾಕಬೇಡಿ. ಕನೆಕ್ಟರ್ ಸ್ಕ್ರೂ ಇರುವಲ್ಲಿ ಸ್ಪಂಜಿಗೆ ಒಂದು ಸೀಳು ಬಿಡಿ, ಸ್ಕ್ರೂಡ್ರೈವರ್ ಹೋಗಬೇಕು.

ತಲೆ ಹಗುರವಾಗಿರಲಿ. ಥರ್ಮೋಕೋಲ್ ಉಂಡೆಯ ಮೇಲೆ ಕಾಗದದ ಚೂರು ಮತ್ತು ಫೆವಿಕಾಲ್ ಎರಡು ಮೂರು ಪದರ, ಅದರ ಮೇಲೆ ತೆಳ್ಳಗೆ ಪ್ಲಾಸ್ಟಿಸಿನ್. ಕಣ್ಣಿಗೆ ಫ್ಯಾನ್ಸಿ ಸ್ಟೋರ್‌ನ ಬಿಳಿ ಮಣಿ. ಮಣಿಯ ತೂತು ಮುಂದೆ ಬರುವಂತೆ ಕೂರಿಸಿ ಸುತ್ತ ಕಪ್ಪು ಬಣ್ಣ ಹಚ್ಚಿ, ಅದೇ ಕಣ್ಣಿನ ಪಾಪೆ. ಆ ತೂತಿಗೆ ಗುಂಡುಸೂಜಿ ಸಿಕ್ಕಿಸಿ ತಿರುಗಿಸಿದರೆ ಅಜ್ಜ ಎಡಕ್ಕೆ ನೋಡುತ್ತಾನೆ, ಬಲಕ್ಕೆ ನೋಡುತ್ತಾನೆ. ಮಣಿ ಕೂರುವ ಗುಳಿಗೆ ಒಂದಿಷ್ಟು ವ್ಯಾಸಲಿನ್ ಹಾಕಿದರೆ ಸಲೀಸಾಗಿ ತಿರುಗುತ್ತದೆ. ರೆಪ್ಪೆಗೆ ಪ್ಲಾಸ್ಟಿಸಿನ್ನಿನ ಸಣ್ಣ ಅರ್ಧಚಂದ್ರಗಳು, ಅರ್ಧ ಮುಚ್ಚಿದ್ದು ಒಂದು ಜೊತೆ, ಪೂರ್ತಿ ಮುಚ್ಚಿದ್ದು ಒಂದು ಜೊತೆ.

ಕೈಬೆರಳುಗಳೇ ಎಲ್ಲಕ್ಕಿಂತ ಮೊದಲು ಮುರಿಯುವುದು. ಮೊದಲ ಗೊಂಬೆಗೆ ಹೆಬ್ಬೆರಳು ಬೇರೆ, ಉಳಿದ ನಾಲ್ಕು ಒಟ್ಟಿಗೆ, ಅಷ್ಟು ಸಾಕು.

ಸ್ವೆಟರಿಗೆ ಹಳೆ ಸಾಕ್ಸ್. ನಯವಾದ ಹೆಣಿಗೆಯದ್ದೇ ಆರಿಸಿ, ಉಣ್ಣೆಯ ಜೂಲು ಇರುವುದು ಬೇಡ. ಪ್ರತಿ ಫೋಟೋಗೂ ನಿಮ್ಮ ಬೆರಳು ತಾಗುತ್ತದೆ, ಜೂಲು ಒಂದೊಂದು ಸಲ ಒಂದೊಂದು ಕಡೆ ಮಲಗುತ್ತದೆ, ಓಡಿಸಿ ನೋಡಿದಾಗ ಮೈಯೆಲ್ಲ ಇರುವೆ ಹರಿದಾಡಿದಂತೆ ಕಾಣುತ್ತದೆ. 1933ರ ಕಿಂಗ್ ಕಾಂಗ್ ಸಿನಿಮಾದ ಗೊರಿಲ್ಲಾ ಮೈಮೇಲೂ ಇದನ್ನು ನೋಡಬಹುದು, ಅದರ ರೋಮ ಅಲುಗುತ್ತಿರುವುದು ಗಾಳಿಗಲ್ಲ, ಗೊಂಬೆ ಆಡಿಸಿದವರ ಬೆರಳಿಗೆ. ಮಳೆಗೆ ತಲೆಮೇಲೆ ಹಾಕುವ ಪ್ಲಾಸ್ಟಿಕ್ ಕೊಪ್ಪೆಗೂ ಇದೇ ತೊಂದರೆ, ಜೊತೆಗೆ ಲೈಟು ಬಿದ್ದು ಮಿಂಚುತ್ತದೆ. ಕೊಪ್ಪೆ ಹಾಕಲೇಬೇಕೆಂದರೆ ಅಂಚಿಗೆ ಸಣ್ಣ ತಂತಿ ಅಂಟಿಸಿ, ಮೇಲೆ ಮಂದ ಬಣ್ಣ ಹೊಡೆಯಿರಿ.

ಗೊಂಬೆ ಮುಟ್ಟುವ ಮೊದಲು ಜಿಗಣೆ

ಅಜ್ಜ ತಯಾರಾದ ಎಂದು ನೇರ ನಡೆಸಲು ಹೋಗಬೇಡಿ. ಮೊದಲ ಪಾಠಕ್ಕೆ ನಮ್ಮೂರಿನಷ್ಟು ಒಳ್ಳೆಯ ಗುರು ಬೇರೆಲ್ಲೂ ಸಿಗುವುದಿಲ್ಲ. ತೋಟದೊಳಗೆ ಹೋಗಿ ಒಂದು ಜಿಗಣೆ ನೋಡಿ. ಹಿಂದಿನ ತುದಿಯನ್ನು ಅಂಟಿಸಿಕೊಂಡು ಮೈ ನೀಡುತ್ತದೆ. ಮುಂದಿನ ತುದಿ ಗಾಳಿಯಲ್ಲಿ ಆಚೀಚೆ ಹುಡುಕುತ್ತದೆ. ನಿಲ್ಲುತ್ತದೆ. ನೆಲಕ್ಕೆ ಅಂಟುತ್ತದೆ. ಆಮೇಲೆ ಹಿಂದಿನ ತುದಿಯನ್ನು ಸರಕ್ಕನೆ ಎಳೆದುಕೊಂಡು ಮುಂದಿನದರ ಹತ್ತಿರ ತರುತ್ತದೆ, ಮೈ ಕಮಾನಾಗುತ್ತದೆ. ಯಾವಾಗಲೂ ಒಂದು ತುದಿ ನೆಲ ಹಿಡಿದಿರುತ್ತದೆ.

ಕಪ್ಪು ಪ್ಲಾಸ್ಟಿಸಿನ್ನಿನಲ್ಲಿ ಅದನ್ನೇ ಮಾಡಿ. ಮೈ ನೀಡಲು ಎಂಟು ಫೋಟೋ ತೆಗೆದುಕೊಳ್ಳಿ, ಅಳತೆ ಮಾತ್ರ ಒಂದೇ ಸಮ ಬೇಡ. 1 ಮಿ.ಮೀ., 2, 4, 6, 6, 4, 2, 1. ನಿಧಾನ ಶುರುವಾಗಿ, ವೇಗ ಹಿಡಿದು, ನಿಧಾನವಾಗಿ ನಿಲ್ಲುವುದು. ಎಳೆದುಕೊಳ್ಳುವುದು ಮೂರೇ ಫೋಟೋದಲ್ಲಿ ಮುಗಿಯಲಿ. ಹುಡುಕುವ ಜಾಗದಲ್ಲಿ ಆರೇಳು ಫೋಟೋ ತಲೆ ಮಾತ್ರ ಆಡಲಿ. ಇಷ್ಟು ಮಾಡಿ ಓಡಿಸಿದರೆ ಪಕ್ಕದಲ್ಲಿ ಕೂತವರು ಕಾಲು ಮೇಲಕ್ಕೆ ಎತ್ತಿಕೊಳ್ಳುತ್ತಾರೆ. ವೇಗ, ತಡೆ, ಹಿಡಿತ ಮೂರೂ ಇದರಲ್ಲೇ ಕೈಗೆ ಹತ್ತುತ್ತವೆ, ಅಜ್ಜನ ನಡಿಗೆಗೂ ಬೇಕಾಗುವುದು ಇವೇ.

ನಿಜವಾದ ಜಿಗಣೆಯನ್ನೇ ನಟನೆಗೆ ಹಚ್ಚೋಣ ಅಂದರೆ ಆಗುವುದಿಲ್ಲ. 1910ರ ಸುಮಾರಿಗೆ ಲಿಥುವೇನಿಯಾದಲ್ಲಿದ್ದ ಲಾಡಿಸ್ಲಾಸ್ ಸ್ಟಾರೆವಿಚ್ ಎಂಬ ಕೀಟಪ್ರೇಮಿ ಜೀರುಂಡೆಗಳ ಜಗಳವನ್ನು ಚಿತ್ರಿಸಲು ಹೊರಟಿದ್ದ. ದೀಪದ ಬೆಳಕಿಗೆ ಜೀರುಂಡೆಗಳು ಮಂಕಾಗಿ ಕೂತವು. ಕೊನೆಗೆ ಸತ್ತ ಜೀರುಂಡೆಗಳ ಕಾಲಿಗೆ ತಂತಿ ಮತ್ತು ಮೇಣ ಹಾಕಿ ಫೋಟೋ ಫೋಟೋ ಆಗಿ ಆಡಿಸಿದ. ಗೊಂಬೆ ಅನಿಮೇಷನ್ನಿನ ಆರಂಭದ ಹೆಸರುಗಳಲ್ಲಿ ಅವನದ್ದೂ ಒಂದು.

ಮೇಜು, ಲೈಟು, ಮೊಬೈಲ್

ಹಳೆ ಮನೆಯ ಮರದ ಅಟ್ಟ ನೋಡಲು ಚಂದ, ಆದರೆ ಯಾರಾದರೂ ನಡೆದರೆ ಕ್ಯಾಮರಾ ನಡುಗುತ್ತದೆ. ಸಿಮೆಂಟ್ ನೆಲದ ಕೋಣೆ ಹಿಡಿಯಿರಿ. ಟ್ರೈಪಾಡಿನ ಕಾಲುಗಳನ್ನು ನೆಲಕ್ಕೆ ಟೇಪ್ ಹಾಕಿ ಅಂಟಿಸಿ. ಮೊಬೈಲನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಇಲ್ಲದಿದ್ದರೆ ಅರವತ್ತನೇ ಫೋಟೋಗೆ ಸರಿಯಾಗಿ ಯಾರೋ ಫೋನ್ ಮಾಡುತ್ತಾರೆ. ಪರದೆಯನ್ನು ಬೆರಳಿನಿಂದ ಒತ್ತಬೇಡಿ. ವಯರ್ ಇರುವ ಇಯರ್‌ಫೋನಿನ ವಾಲ್ಯೂಮ್ ಬಟನ್ ಒತ್ತಿದರೆ ಎಷ್ಟೋ ಮೊಬೈಲಿನಲ್ಲಿ ಫೋಟೋ ಬೀಳುತ್ತದೆ.

ಕಿಟಕಿಯ ಬೆಳಕನ್ನು ನಂಬಲೇಬೇಡಿ. ನಮ್ಮಲ್ಲಿ ಮಂಜು ಬಂದು ಹೋಗುವುದಕ್ಕೆ ಹೊತ್ತುಗೊತ್ತಿಲ್ಲ, ಪ್ರತಿ ಫೋಟೋದ ಬೆಳಕೂ ಬೇರೆಯಾಗಿ ವಿಡಿಯೋ ಮಿಣಮಿಣ ಅನ್ನುತ್ತದೆ. ಕಿಟಕಿಗೆ ದಪ್ಪ ಕಂಬಳಿ ಹಾಕಿ ಮುಚ್ಚಿ. ಮನೆ ಕರೆಂಟಿನ ಬಲ್ಬೂ ವೋಲ್ಟೇಜ್ ಏರಿಳಿತಕ್ಕೆ ಮಂಕಾಗುತ್ತದೆ. ಪವರ್ ಬ್ಯಾಂಕಿಗೆ ಸಿಕ್ಕಿಸುವ ಯುಎಸ್‌ಬಿ ಎಲ್ಇಡಿ ಲೈಟು ಎರಡು ಇಟ್ಟುಕೊಂಡರೆ ಈ ತಲೆನೋವಿಲ್ಲ, ಕರೆಂಟ್ ಹೋದರೂ ಕೆಲಸ ನಿಲ್ಲುವುದಿಲ್ಲ. ಒಂದು ಲೈಟು ಪಕ್ಕದಿಂದ ಜೋರಾಗಿ, ಇನ್ನೊಂದು ಎದುರು ಬದಿಯಿಂದ ಬೆಣ್ಣೆ ಕಾಗದ ಮುಚ್ಚಿ ಮೆದುವಾಗಿ. ಕಪ್ಪು ಅಂಗಿ ಹಾಕಿ ಕೂರಿ. ಬಿಳಿ ಬನಿಯನ್ ಹಾಕಿದರೆ ನೀವು ಹತ್ತಿರ ಬಂದಾಗಲೆಲ್ಲ ಬೆಳಕು ತಿರುಗಿ ಗೊಂಬೆಯ ಮೇಲೆ ಬೀಳುತ್ತದೆ.

ಕ್ಯಾಮರಾದಲ್ಲಿ ಯಾವುದೂ ಆಟೊ ಇರಬಾರದು. ಫೋಕಸ್, ಬೆಳಕಿನ ಪ್ರಮಾಣ, ಬಣ್ಣದ ಹದ ಮೂರನ್ನೂ ಲಾಕ್ ಮಾಡಿ. ಮನೆ ಕರೆಂಟಿನ ಲೈಟೇ ಬಳಸುವುದಾದರೆ ಶಟರ್ ವೇಗ 1/50 ಅಥವಾ 1/100 ಸೆಕೆಂಡ್ ಇಡಿ. ನಮ್ಮ ಕರೆಂಟ್ 50 ಹರ್ಟ್ಸ್‌ನದ್ದು, ಬೇರೆ ವೇಗ ಇಟ್ಟರೆ ಬಲ್ಬಿನ ಮಿಡಿತ ಫೋಟೋದಲ್ಲಿ ಸಿಕ್ಕಿಬೀಳುತ್ತದೆ. ಆಪ್ ವಿಷಯಕ್ಕೆ ಬಂದರೆ, ಸ್ಟಾಪ್ ಮೋಷನ್ ಸ್ಟುಡಿಯೋದ ಉಚಿತ ಆವೃತ್ತಿ ಕಲಿಯಲು ಸಾಕು. ಹಿಂದಿನ ಫೋಟೋವನ್ನು ಈಗಿನದರ ಮೇಲೆ ತೆಳುವಾಗಿ ತೋರಿಸುವ ಸೌಲಭ್ಯ ಅದರಲ್ಲಿದೆ, ಎಷ್ಟು ಅಲುಗಿಸಿದಿರಿ ಎಂದು ಕಣ್ಣಿಗೇ ಕಾಣುತ್ತದೆ. ವೃತ್ತಿಪರರು ಡ್ರ್ಯಾಗನ್‌ಫ್ರೇಮ್ ಬಳಸುತ್ತಾರೆ. ಅದಕ್ಕೆ ದುಡ್ಡು, ಕಂಪ್ಯೂಟರ್ ಎರಡೂ ಬೇಕು. ಈಗ ಬೇಡ.

ಅಂಗಡಿ ಸಾಮಾನಿನ ತೋಟ

ಸೆಟ್ ಮಾಡುವುದು ಈ ಹವ್ಯಾಸದ ಮಜಾ ಭಾಗ. ಅಳತೆ ಮಾತ್ರ ತಲೆಯಲ್ಲಿರಲಿ. 160 ಸೆಂ.ಮೀ. ಅಜ್ಜ 20 ಸೆಂ.ಮೀ. ಆಗಿದ್ದಾನೆ, ಅಂದರೆ ಎಂಟನೇ ಒಂದು. ನಿಜವಾದ ಕಾಫಿ ಹಣ್ಣನ್ನು ಕಣದಲ್ಲಿ ಹರಡಿದರೆ ಅಜ್ಜನ ಪಕ್ಕ ಅದು ತೆಂಗಿನಕಾಯಿ ಗಾತ್ರಕ್ಕೆ ಕಾಣುತ್ತದೆ. ರಾಗಿ ತನ್ನಿ. ಗಾತ್ರವೂ ಸರಿ, ಬಣ್ಣವೂ ಅರ್ಧ ಒಣಗಿದ ಹಣ್ಣಿನದ್ದೇ. ಪೂರ್ತಿ ಒಣಗಿದ್ದಕ್ಕೆ ಕಪ್ಪು ಸಾಸಿವೆ. ಎರಡನ್ನೂ ರಟ್ಟಿನ ಮೇಲೆ ಫೆವಿಕಾಲ್ ಹಾಕಿ ಅಂಟಿಸಿಬಿಡಿ, ಬಿಡಿ ಕಾಳು ಪ್ರತಿ ಫೋಟೋಗೂ ಉರುಳುತ್ತದೆ. ಸತ್ತ ಕಾಫಿ ಗಿಡದ ಸಣ್ಣ ರೆಂಬೆ ನೆಟ್ಟರೆ ದೊಡ್ಡ ಮರ ತಯಾರು.

ಕಲ್ಲಿನ ಮೇಲಿನ ಹಸಿ ಪಾಚಿ ಹುಲ್ಲಿನಂತೆ ಕಾಣುತ್ತದೆ ನಿಜ, ಆದರೆ ಲೈಟಿನ ಕೆಳಗೆ ಗಂಟೆಗಟ್ಟಲೆ ಇಟ್ಟರೆ ಒಣಗಿ ಮುದುಡುತ್ತದೆ. ಹತ್ತು ಸೆಕೆಂಡಿನ ವಿಡಿಯೋದಲ್ಲಿ ಹುಲ್ಲು ಕುಗ್ಗುವುದು ಎದ್ದು ಕಾಣುತ್ತದೆ. ಒಂದು ವಾರ ಮೊದಲೇ ಒಣಗಿಸಿ, ಬಣ್ಣ ಹಾಕಿ ಬಳಸಿ. ಹಸಿ ಎಲೆಯ ಕಥೆಯೂ ಅಷ್ಟೇ. ಮಳೆಗೆ ನೀರು ಚಿಮುಕಿಸಬೇಡಿ. ಎಲೆಯ ಮೇಲೆ ಹನಿ ಬೇಕಿದ್ದರೆ ಮೆಡಿಕಲ್ ಶಾಪಿನ ಗ್ಲಿಸರಿನ್, ಅದು ಆರುವುದಿಲ್ಲ. ಕಾಫಿ ಲೋಟದ ಹಬೆಗೆ ಹಿಂಜಿದ ಹತ್ತಿಯ ಎಳೆ, ಪ್ರತಿ ಫೋಟೋಗೂ ಸ್ವಲ್ಪ ತಿರುಚಿ ಮೇಲೆತ್ತಿ.

ಅಜ್ಜನ ಹೆಜ್ಜೆ

ನಡೆಸುವ ಮೊದಲು ನೀವೇ ನಡೆದು ನೋಡಿ. ಬಲಗಾಲು ಎತ್ತುವ ಮೊದಲು ಏನಾಗುತ್ತದೆ? ಸೊಂಟ ಎಡಕ್ಕೆ ಸರಿಯುತ್ತದೆ, ಮೈಯ ಭಾರವೆಲ್ಲ ಎಡಗಾಲಿನ ಮೇಲೆ ಬರುತ್ತದೆ, ಆಮೇಲೆ ಬಲಗಾಲು ನೆಲ ಬಿಡುತ್ತದೆ. ಬೋಲ್ಟ್ ಹಾಕಿದ ಗೊಂಬೆಗೆ ಇದರ ಅಗತ್ಯವೇ ಇಲ್ಲ, ಅದು ಹೇಗಿದ್ದರೂ ಬೀಳುವುದಿಲ್ಲ. ಹೊಸಬರ ಗೊಂಬೆ ತೇಲಿದಂತೆ ಕಾಣುವುದು ಇದರಿಂದಲೇ. ಬೀಳದ ಗೊಂಬೆಯನ್ನು ಬೀಳಬಹುದಾದ ಮನುಷ್ಯನಂತೆ ನಡೆಸಬೇಕು.

ಅಜ್ಜನ ಒಂದು ಹೆಜ್ಜೆಗೆ ಎಂಟು ಫೋಟೋ ಇಟ್ಟುಕೊಳ್ಳಿ. ಯುವಕನಾದರೆ ಆರು. ಮೊದಲ ಫೋಟೋದಲ್ಲಿ ಎಡಗಾಲು ಮುಂದೆ, ಬಲಗಾಲು ಹಿಂದೆ, ಎರಡೂ ನೆಲದಲ್ಲಿ, ಎರಡಕ್ಕೂ ಬೋಲ್ಟ್. ಎರಡನೇ ಫೋಟೋಗೆ ಸೊಂಟ ಮುಂದಕ್ಕೂ ಎಡಕ್ಕೂ ಸರಿಸಿ, ಎಡ ಮೊಣಕಾಲು ಸ್ವಲ್ಪ ಮಡಚಿ. ಈ ತಗ್ಗುವಿಕೆಯೇ ಭಾರ. ಇಲ್ಲಿ ಜಿಪುಣತನ ಬೇಡ, 3 ಮಿ.ಮೀ. ತಗ್ಗಿಸಿ. ಮೂರನೆಯದಕ್ಕೆ ಬಲ ಬೋಲ್ಟ್ ಬಿಚ್ಚಿ ಹಿಮ್ಮಡಿ ಎತ್ತಿ. ನಾಲ್ಕು, ಐದರಲ್ಲಿ ಬಲಗಾಲು ಎಡಗಾಲನ್ನು ದಾಟುತ್ತದೆ, ಮೈ ಮೇಲಕ್ಕೆ ಬರುತ್ತದೆ. ಗಂಬೂಟನ್ನು ಜಾಸ್ತಿ ಎತ್ತಬೇಡಿ, ಕೆಸರಿನಲ್ಲಿ ನಡೆದು ಅಭ್ಯಾಸವಾದವರು ಕಾಲು ಎಳೆದೇ ಹಾಕುವುದು. ಆರು, ಏಳರಲ್ಲಿ ಕಾಲು ಮುಂದೆ ಚಾಚುತ್ತದೆ, ಎಂಟರಲ್ಲಿ ಹೊಸ ತೂತಿನ ಮೇಲೆ ಕೂರುತ್ತದೆ. ಬೋಲ್ಟ್ ಹಾಕಿ. ಕೈಗಳು ಕಾಲಿಗೆ ವಿರುದ್ಧವಾಗಿ ಬೀಸುತ್ತವೆ. ಕಾಲರಿನಲ್ಲಿ ನೇತಾಡುವ ಕೊಡೆ ಮೈಗಿಂತ ಒಂದು ಫೋಟೋ ತಡವಾಗಿ ಅಲುಗಲಿ. ಅಜ್ಜ ನಿಂತ ಮೇಲೂ ಕೊಡೆ ಎರಡು ಸಲ ಆಡಿ ನಿಲ್ಲಲಿ. ನೋಡಿದವರು ಮೆಚ್ಚುವುದು ಸಾಮಾನ್ಯವಾಗಿ ಆ ಕೊಡೆಯನ್ನೇ.

ಕಷ್ಟದ ಭಾಗವೆಂದರೆ ಹಿಂದಿನ ಫೋಟೋದಲ್ಲಿ ಮೂಗು ಎಲ್ಲಿತ್ತು ಎಂದು ನೆನಪಿಟ್ಟುಕೊಳ್ಳುವುದು. ಪ್ಲಾಸ್ಟಿಸಿನ್ ಮುದ್ದೆಗೆ ಒಂದು ತಂತಿ ಚುಚ್ಚಿ, ಅದರ ತುದಿ ಗೊಂಬೆಯ ಮೂಗಿಗೆ ತಾಗುವಂತೆ ಇಡಿ. ಗೊಂಬೆ ಅಲುಗಿಸಿದ ಮೇಲೆ ಮೂಗಿಗೂ ತಂತಿಗೂ ನಡುವಿನ ಅಂತರವೇ ನಿಮ್ಮ ಅಳತೆ. ಫೋಟೋ ತೆಗೆಯುವ ಮೊದಲು ತಂತಿ ತೆಗೆದಿಡಿ. ಮರೆತರೆ ಅಜ್ಜನ ಮುಂದೆ ಭೂತದಂತೆ ಒಂದು ತಂತಿ ಬಂದು ಹೋಗುತ್ತದೆ.

ನಡಿಗೆಗಿಂತ ನಿಲ್ಲುವುದು ಕಷ್ಟ. ಸುಮ್ಮನೆ ನಿಂತ ಗೊಂಬೆಯ ಒಂದೇ ಫೋಟೋವನ್ನು ಎರಡು ಸೆಕೆಂಡ್ ತೋರಿಸಿದರೆ ವಿಡಿಯೋ ಕೆಟ್ಟಿತು ಎಂದುಕೊಳ್ಳುತ್ತಾರೆ. ಹಾಗಾಗಿ ಕಣ್ಣು ಮಿಟುಕಿಸಿ, ಮೂರು ಫೋಟೋ ಸಾಕು: ಅರ್ಧ ಮುಚ್ಚಿದ್ದು, ಪೂರ್ತಿ ಮುಚ್ಚಿದ್ದು, ಮತ್ತೆ ಅರ್ಧ. ತಲೆ ತಿರುಗಿಸುವುದಾದರೆ ಮೊದಲು ಕಣ್ಣು ತಿರುಗಲಿ, ಎರಡು ಫೋಟೋ ಕಳೆದು ತಲೆ. ಗೊಂಬೆ ಏನೋ ಯೋಚಿಸುತ್ತಿದೆ ಅನ್ನಿಸುತ್ತದೆ, ಅಲ್ವಾ?

ಮಾತು ಬೇಕಿದ್ದರೆ

ಧ್ವನಿಯನ್ನು ಮೊದಲೇ ರೆಕಾರ್ಡ್ ಮಾಡಿ. ನೋಟ್‌ಬುಕ್ಕಿನಲ್ಲಿ ಸಾಲಿಗೊಂದು ಫೋಟೋ ನಂಬರ್ ಬರೆದು, ಯಾವ ನಂಬರಿಗೆ ಯಾವ ಅಕ್ಷರ ಬರುತ್ತದೆ ಎಂದು ಗುರುತು ಮಾಡಿ. ಬಾಯಿಗಳನ್ನು ಕಾಗದದಲ್ಲಿ ಕತ್ತರಿಸಿ ಬದಲಿಸುತ್ತಾ ಹೋಗಬಹುದು. ಆರು ಬಾಯಿ ಸಾಕು: ಆ, ಈ, ಊ, ತುಟಿ ಮುಚ್ಚಿದ್ದು, ನಾಲಿಗೆ ಕಾಣುವ ಲ, ಮತ್ತು ಸುಮ್ಮನಿರುವಾಗಿನದು. ಪ, ಬ, ಮ ಬಂದಾಗ ತುಟಿ ಮುಚ್ಚಲೇಬೇಕು, ಅದೊಂದು ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ. ಉಳಿದದ್ದು ಹೆಚ್ಚುಕಮ್ಮಿಯಾದರೂ ನಡೆಯುತ್ತದೆ. ಅಜ್ಜನ ಮೀಸೆ ದಪ್ಪ ಮಾಡಿದರೆ ಈ ಕೆಲಸದಲ್ಲಿ ಅರ್ಧ ಉಳಿಯುತ್ತದೆ. ಹಿನ್ನೆಲೆಗೆ ಹೆಂಚಿನ ಮೇಲಿನ ಮಳೆಯ ಸದ್ದನ್ನು ಮೊಬೈಲಿನಲ್ಲೇ ಹಿಡಿಯಿರಿ. ಫೋಟೋಗಳನ್ನು ಆಪ್‌ನಲ್ಲೇ ಸೆಕೆಂಡಿಗೆ 12ರಂತೆ ಜೋಡಿಸಿ ವಿಡಿಯೋ ಮಾಡಿಕೊಳ್ಳಿ. ಮೂಲ ಫೋಟೋಗಳ ಒಂದು ಪ್ರತಿ ಬೇರೆ ಕಡೆ ಇರಲಿ.

ಮುರಿದಾಗ, ಎತ್ತಿಡುವಾಗ

ಬೆರಳು ಬಿಟ್ಟರೆ ಮೊದಲು ಮುರಿಯುವುದು ಕಾಲಿನ ಗಂಟು, ಆಮೇಲೆ ಮೊಣಕೈ. ಮುರಿಯುವ ಮೊದಲು ಸೂಚನೆ ಸಿಗುತ್ತದೆ: ಬಗ್ಗಿಸುವಾಗ ಆ ಜಾಗ ಬೇರೆ ಕಡೆಗಿಂತ ಮೆತ್ತಗೆ ಅನ್ನಿಸುತ್ತದೆ, ಅಂದರೆ ಒಂದು ಎಳೆ ಆಗಲೇ ಹೋಗಿದೆ. ದೃಶ್ಯದ ನಡುವೆ ಇದ್ದರೆ ಆ ಹೆಜ್ಜೆ ಮುಗಿಸಿ, ಬೂಟನ್ನು ಬೋಲ್ಟಿನಲ್ಲೇ ಬಿಟ್ಟು ಗೊಂಬೆಯ ಫೋಟೋವನ್ನು ಎರಡು ಕಡೆಯಿಂದ ತೆಗೆದುಕೊಂಡು, ಆಮೇಲೆ ಕಾಲು ಬದಲಿಸಿ. ಬೂಟು ಸಮೇತ ಒಂದು ಜೊತೆ ಕಾಲು, ಒಂದು ಜೊತೆ ಕೈ ಮೊದಲೇ ಮಾಡಿಟ್ಟುಕೊಂಡವರಿಗೆ ಇದು ಹತ್ತು ನಿಮಿಷದ ಕೆಲಸ.

ಮಳೆಗಾಲದಲ್ಲಿ ಗೊಂಬೆಯನ್ನು ಹೊರಗಿಟ್ಟರೆ ಸಾಕ್ಸ್ ಸ್ವೆಟರಿಗೆ ಬೂಷ್ಟು ಹಿಡಿಯುವುದು ಖಂಡಿತ. ಮುಚ್ಚಳ ಬಿಗಿ ಇರುವ ಡಬ್ಬಿಯಲ್ಲಿ, ಹೊಸ ಚಪ್ಪಲಿ ಬಾಕ್ಸಿನಲ್ಲಿ ಬರುವ ಸಿಲಿಕಾ ಪೊಟ್ಟಣ ನಾಲ್ಕೈದು ಹಾಕಿ ಇಡಿ. ಒಲೆಯ ಮೇಲಿನ ಅಟ್ಟ ಬೆಚ್ಚಗಿರುತ್ತದೆ ಎಂದು ಅಲ್ಲಿ ಇಡಬೇಡಿ, ಪ್ಲಾಸ್ಟಿಸಿನ್ ಮೆತ್ತಗಾಗಿ ಅಜ್ಜನ ಮೂಗು ಗಲ್ಲಕ್ಕೆ ಇಳಿಯುತ್ತದೆ. ಮಲಗಿಸಿ ಇಡಿ, ಕೈಕಾಲು ನೇರ ಮಾಡಿ, ಬೂಟಿನ ನಟ್‌ಗೆ ಈಗ ಒಂದು ಹನಿ ಎಣ್ಣೆ ಬಿಡಿ.